ಡಿಎನ್‌ಎ ಕತ್ತರಿಸಿದರೆ ಅಪಾಯವೇ? ನಮ್ಮ ದೇಹದೊಳಗೇ ಇರುವ 'ಕತ್ತರಿ ಕಿಣ್ವ'ಗಳ ಕೆಲಸ ತಿಳಿಯೋಣ

'ಡಿಎನ್‌ಎ ಕತ್ತರಿಸಿ ರೋಗ ವಾಸಿ ಮಾಡಿದ ವಿಜ್ಞಾನಿಗಳು' ಎಂಬಂಥ ಸುದ್ದಿ ಓದಿದಾಗ ಹಲವರಿಗೆ ಸ್ವಲ್ಪ ಗಾಬರಿಯೇ ಆಗುತ್ತದೆ. ಡಿಎನ್‌ಎ ಅಪ್ಪ ಅಮ್ಮನಿಂದ ಬಂದದ್ದು, ಹುಟ್ಟಿನಿಂದ ಸಾಯುವವರೆಗೆ ಬದಲಾಗಬಾರದ್ದು, ಅದಕ್ಕೆ ಕತ್ತರಿ ಹಾಕುವುದೆಂದರೆ ಪ್ರಕೃತಿಗೇ ಕೈ ಹಾಕಿದಂತೆ ಎಂಬ ಭಾವನೆ ನಮ್ಮಲ್ಲಿದೆ. ಈ ಭಯ ಎಷ್ಟರ ಮಟ್ಟಿಗೆ ಸರಿ?

ನೀವು ಈ ಸಾಲು ಓದುತ್ತಿರುವ ಹೊತ್ತಿನಲ್ಲೂ ನಿಮ್ಮ ದೇಹದ ಅಸಂಖ್ಯ ಜೀವಕೋಶಗಳಲ್ಲಿ ಡಿಎನ್‌ಎಗೆ ಕತ್ತರಿ ಬೀಳುತ್ತಿದೆ. ಹಾಗೆ ಬೀಳದಿದ್ದರೆ ಕೋಶ ವಿಭಜನೆ ನಿಂತುಹೋಗುತ್ತದೆ, ರೋಗನಿರೋಧಕ ಶಕ್ತಿ ಬೆಳೆಯುವುದಿಲ್ಲ. ಹಾಗಾಗಿ ಡಿಎನ್‌ಎ ಕತ್ತರಿಸಬಹುದೇ ಎಂದು ಕೇಳುವುದಕ್ಕಿಂತ ಮೂರು ಬೇರೆ ಪ್ರಶ್ನೆ ಕೇಳುವುದು ಉಪಯುಕ್ತ. ಎಲ್ಲಿ ಕತ್ತರಿಸಲಾಗುತ್ತಿದೆ? ಯಾವ ಕೋಶದಲ್ಲಿ? ಕತ್ತರಿಸಿದ ಮೇಲೆ ಜೋಡಿಸುವವರು ಯಾರು? ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ಈ ಲೇಖನದಲ್ಲಿ ನಾವು ಕತ್ತರಿ ಕಿಣ್ವಗಳ ಲೋಕವನ್ನು ನೋಡೋಣ.

ಕಿಣ್ವ ಹೇಗೆ ಕತ್ತರಿಸುತ್ತದೆ?

ಕಿಣ್ವಗಳು ಬಹುಪಾಲು ಪ್ರೋಟೀನ್‌ಗಳು. ದೇಹದಲ್ಲಿ ತಾನಾಗಿಯೇ ಆಗಲು ತುಂಬಾ ಸಮಯ ಹಿಡಿಯುವ ರಾಸಾಯನಿಕ ಕ್ರಿಯೆಯನ್ನು ಇವು ಕ್ಷಣಗಳಲ್ಲಿ ಮಾಡಿ ಮುಗಿಸುತ್ತವೆ. ಬಾಯಿಯ ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನದ ಪಿಷ್ಟವನ್ನು ಒಡೆಯುವುದನ್ನು ನಾವು ಶಾಲೆಯಲ್ಲೇ ಓದಿದ್ದೇವೆ.

ಡಿಎನ್‌ಎ ಎರಡು ಎಳೆಗಳ ಉದ್ದನೆಯ ದಾರ. ಪ್ರತಿ ಎಳೆಯ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟ್ ಅಣುಗಳ ಸರಪಳಿ. ಅದರ ಮೇಲೆ ಎ, ಟಿ, ಜಿ, ಸಿ ಎಂಬ ನಾಲ್ಕು 'ಅಕ್ಷರ'ಗಳು ಸಾಲಾಗಿ ಕೂತಿರುತ್ತವೆ. ಎದುರು ಬದುರಿನ ಎಳೆಗಳಲ್ಲಿ ಎ ಜೊತೆ ಟಿ, ಜಿ ಜೊತೆ ಸಿ ಜೋಡಿಯಾಗುತ್ತದೆ. ನ್ಯೂಕ್ಲಿಯೇಸ್ ಎಂಬ ಗುಂಪಿನ ಕಿಣ್ವಗಳು ನೀರಿನ ಅಣುವೊಂದನ್ನು ಬಳಸಿ ಈ ಬೆನ್ನೆಲುಬಿನ ಕೊಂಡಿಯನ್ನು ಬಿಡಿಸುತ್ತವೆ. ಇಲ್ಲಿ ನಿಜವಾದ ಬ್ಲೇಡ್ ಯಾವುದೂ ಇಲ್ಲ. ನಡೆಯುವುದು ಒಂದು ರಾಸಾಯನಿಕ ಕ್ರಿಯೆ ಮಾತ್ರ. ಕೆಲವು ಕಿಣ್ವಗಳು ಒಂದೇ ಎಳೆಯನ್ನು ಕತ್ತರಿಸಿದರೆ, ಕೆಲವು ಎರಡನ್ನೂ ಕತ್ತರಿಸುತ್ತವೆ. ಕೆಲವು ಸಿಕ್ಕಲ್ಲೆಲ್ಲ ಕತ್ತರಿಸುತ್ತವೆ, ಕೆಲವು ಗೊತ್ತಾದ ಜಾಗ ಸಿಗುವವರೆಗೂ ಕಾಯುತ್ತವೆ.

ನಮ್ಮ ದೇಹದಲ್ಲಿ ಕತ್ತರಿ ಬೀಳುವ ಜಾಗಗಳು

ಮೊದಲಿಗೆ ಊಟದ ತಟ್ಟೆಯಿಂದಲೇ ಶುರು ಮಾಡೋಣ. ಅನ್ನ, ಸೊಪ್ಪು, ಬೇಳೆ, ಮೀನು, ಏನು ತಿಂದರೂ ಅದರಲ್ಲಿ ಡಿಎನ್‌ಎ ಇದ್ದೇ ಇರುತ್ತದೆ. ನಮ್ಮ ಮೇದೋಜೀರಕ ಗ್ರಂಥಿ ಡಿಎನ್‌ಏಸ್ ಎಂಬ ಕಿಣ್ವವನ್ನು ಕರುಳಿಗೆ ಸುರಿಸುತ್ತದೆ. ಅದು ಈ ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತದೆ. ಕುಲಾಂತರಿ ಬೆಳೆ ತಿಂದರೆ ಅದರ ಜೀನ್ ನಮ್ಮ ಜೀನ್‌ಗಳಿಗೆ ಸೇರಿಕೊಳ್ಳುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತದೆ. ಕುಲಾಂತರಿ ಬೆಳೆಗಳ ಬಗ್ಗೆ ಬೇರೆ ಪ್ರಶ್ನೆಗಳಿರಬಹುದು, ಆದರೆ ಈ ಮಾತು ಸರಿಯಲ್ಲ. ಮನುಷ್ಯ ಸಾವಿರಾರು ವರ್ಷಗಳಿಂದ ಪ್ರತಿ ತುತ್ತಿನಲ್ಲೂ ಬೇರೆ ಜೀವಿಗಳ ಡಿಎನ್‌ಎ ತಿನ್ನುತ್ತಲೇ ಬಂದಿದ್ದಾನೆ. ಬದನೆಕಾಯಿ ಪಲ್ಯ ತಿಂದ ಯಾರ ಮೈಗೂ ಬದನೆಯ ಗುಣ ಅಂಟಿಲ್ಲ.

ಎರಡನೆಯದು ಗಂಟು ಬಿಡಿಸುವ ಕೆಲಸ. ಒಂದು ಜೀವಕೋಶದೊಳಗಿನ ಡಿಎನ್‌ಎಯನ್ನು ನೇರ ಮಾಡಿದರೆ ಸುಮಾರು 2 ಮೀಟರ್ ಉದ್ದವಿರುತ್ತದೆ. ಕೋಶ ಎರಡಾಗುವ ಮೊದಲು ಇದರ ನಕಲು ತಯಾರಾಗಬೇಕು, ಅದಕ್ಕಾಗಿ ಎರಡು ಎಳೆಗಳು ಬಿಚ್ಚಿಕೊಳ್ಳಬೇಕು. ಹುರಿ ಹಗ್ಗದ ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತಾ ಹೋಗಿ ನೋಡಿ, ಮುಂದಿನ ಭಾಗ ಇನ್ನಷ್ಟು ಬಿಗಿಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಡಿಎನ್‌ಎಯಲ್ಲೂ ಹೀಗೇ ಆಗುತ್ತದೆ. ಆಗ ಟೋಪೋಐಸೋಮರೇಸ್ ಎಂಬ ಕಿಣ್ವ ಬಂದು ಎಳೆಯನ್ನು ಕತ್ತರಿಸಿ, ಬಿಗಿತ ಸಡಿಲಿಸಿ, ತಾನೇ ಮತ್ತೆ ಜೋಡಿಸಿ ಹೋಗುತ್ತದೆ. ಕತ್ತರಿಸಿದ ತುದಿಯನ್ನು ಜೋಡಿಸುವವರೆಗೂ ಅದು ಕೈಬಿಡುವುದಿಲ್ಲ.

ಬ್ಯಾಕ್ಟೀರಿಯಾಗಳಲ್ಲೂ ಇದೇ ಜಾತಿಯ ಕಿಣ್ವಗಳಿವೆ. ವೈದ್ಯರು ಬರೆದುಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕೆಲಸ ಮಾಡುವುದು ಇಲ್ಲಿಯೇ. ಬ್ಯಾಕ್ಟೀರಿಯಾದ ಕಿಣ್ವ ಡಿಎನ್‌ಎ ಕತ್ತರಿಸಿದ ಹಂತದಲ್ಲೇ ಅದು ಸಿಕ್ಕಿಹಾಕಿಕೊಳ್ಳುವಂತೆ ಈ ಔಷಧ ಮಾಡುತ್ತದೆ. ಜೋಡಣೆಯಾಗದೆ ಉಳಿದ ಕಡಿತಗಳಿಂದ ಬ್ಯಾಕ್ಟೀರಿಯಾ ಸಾಯುತ್ತದೆ. ಕತ್ತರಿಸಿದ್ದಕ್ಕಿಂತ ಜೋಡಿಸದೇ ಬಿಟ್ಟದ್ದೇ ಅದಕ್ಕೆ ಮುಳುವಾಗುತ್ತದೆ ಎಂಬುದನ್ನು ಗಮನಿಸಿ.

ಮೂರನೆಯದು ರೋಗನಿರೋಧಕ ಶಕ್ತಿ. ನಮ್ಮ ದೇಹ ಕಂಡು ಕೇಳರಿಯದ ವೈರಸ್‌ಗಳಿಗೂ ಪ್ರತಿಕಾಯ ತಯಾರಿಸಬೇಕು. ಪ್ರತಿಕಾಯಗಳಲ್ಲಿ ಲೆಕ್ಕವಿಲ್ಲದಷ್ಟು ಬಗೆಗಳಿವೆ. ಆದರೆ ನಮ್ಮಲ್ಲಿರುವ ಪ್ರೋಟೀನ್ ತಯಾರಿಸುವ ವಂಶವಾಹಿಗಳ ಸಂಖ್ಯೆ ಸುಮಾರು 20,000 ಮಾತ್ರ. ಈ ಲೆಕ್ಕ ಹೇಗೆ ಹೊಂದುತ್ತದೆ? ರ್‍ಯಾಗ್-1 ಮತ್ತು ರ್‍ಯಾಗ್-2 ಎಂಬ ಜೋಡಿ ಪ್ರೋಟೀನ್‌ಗಳು ಪ್ರತಿಕಾಯದ ವಂಶವಾಹಿಯ ತುಣುಕುಗಳನ್ನು ಕತ್ತರಿಸಿ, ಬೇರೆ ಬೇರೆ ರೀತಿಯಲ್ಲಿ ಸೇರಿಸಲು ಅನುವು ಮಾಡಿಕೊಡುತ್ತವೆ. ಪ್ರತಿಕಾಯದ ಒಂದು ಸರಪಳಿಗೆ ಮೂರು ಬಗೆಯ ತುಣುಕುಗಳು ಬೇಕು. ಅವು ನಮ್ಮಲ್ಲಿ ಸುಮಾರು 40, 23 ಮತ್ತು 6ರಷ್ಟಿವೆ. ಇಷ್ಟರಿಂದಲೇ ಐದು ಸಾವಿರಕ್ಕೂ ಹೆಚ್ಚು ಜೋಡಣೆಗಳು ಸಾಧ್ಯ. ಜೋಡಿಸುವ ಜಾಗದಲ್ಲಿ ಅಕ್ಷರಗಳು ಕೂಡಿ ಕಳೆಯುವುದರಿಂದ ಬಗೆಗಳು ಇನ್ನೂ ಎಷ್ಟೋ ಪಟ್ಟು ಹೆಚ್ಚುತ್ತವೆ. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ಟೊನೆಗವಾ ಅವರಿಗೆ 1987ರಲ್ಲಿ ನೊಬೆಲ್ ಬಹುಮಾನ ಬಂತು. ಈ ರ್‍ಯಾಗ್ ಪ್ರೋಟೀನ್‌ಗಳು ಕೆಲಸ ಮಾಡದ ಸ್ಥಿತಿಯಲ್ಲಿ ಹುಟ್ಟುವ ಮಕ್ಕಳಿಗೆ ರೋಗನಿರೋಧಕ ಶಕ್ತಿ ತೀವ್ರವಾಗಿ ಕುಂದಿರುತ್ತದೆ. ಸಣ್ಣ ಸೋಂಕೂ ಅವರ ಪ್ರಾಣಕ್ಕೆ ಎರವಾಗಬಹುದು.

ನಾಲ್ಕನೆಯದು ನಮ್ಮ ಹುಟ್ಟಿಗೇ ಸಂಬಂಧಿಸಿದ್ದು. ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ಸ್ಪೋ-11 ಎಂಬ ಪ್ರೋಟೀನ್ ವರ್ಣತಂತುಗಳನ್ನು ಹಲವೆಡೆ ಬೇಕೆಂದೇ ತುಂಡರಿಸುತ್ತದೆ. ಆ ತುಂಡುಗಳು ಸರಿಹೋಗುವಾಗ ಅಜ್ಜ ಅಜ್ಜಿಯರಿಂದ ಬಂದ ವರ್ಣತಂತುಗಳ ಭಾಗಗಳು ಅದಲು ಬದಲಾಗುತ್ತವೆ. ಒಂದೇ ತಂದೆ ತಾಯಿಯ ಮಕ್ಕಳಾದರೂ ಅಕ್ಕನಂತೆ ತಂಗಿ ಇರದಿರಲು ಇದೂ ಒಂದು ಕಾರಣ.

ಕೊನೆಯದಾಗಿ ಸಾವು. ದೇಹಕ್ಕೆ ಬೇಡವಾದ ಕೋಶಗಳು ಶಿಸ್ತಾಗಿ ಸಾಯುವಾಗ ಇನ್ನೊಂದು ಕಿಣ್ವ ಅವುಗಳ ಡಿಎನ್‌ಎಯನ್ನು ಪೂರ್ತಿ ಚೂರು ಮಾಡುತ್ತದೆ. ಇಲ್ಲಿ ಜೋಡಿಸುವ ಉದ್ದೇಶವೇ ಇಲ್ಲ. ಬದುಕಿರುವ ಆರೋಗ್ಯವಂತ ಕೋಶದಲ್ಲಿ ಈ ಕಿಣ್ವವನ್ನು ಇನ್ನೊಂದು ಪ್ರೋಟೀನ್ ಕಟ್ಟಿಹಾಕಿರುತ್ತದೆ.

ಬ್ಯಾಕ್ಟೀರಿಯಾಗಳ ಕಾವಲುಗಾರರು

ಇಷ್ಟೆಲ್ಲ ಕತ್ತರಿಗಳಿದ್ದರೂ ವಿಜ್ಞಾನಿಗಳ ಕೈಗೆ ಮೊದಲು ಸಿಕ್ಕ ನಿಖರವಾದ ಕತ್ತರಿ ಬಂದದ್ದು ಬ್ಯಾಕ್ಟೀರಿಯಾಗಳಿಂದ. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ಇದೆ. 1950ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಕಂಡುಬಂತು. ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಚೆನ್ನಾಗಿ ಬೆಳೆದ ವೈರಸ್, ಅದೇ ಜಾತಿಯ ಇನ್ನೊಂದು ತಳಿಗೆ ಹೋದರೆ ಹೆಚ್ಚುಕಡಿಮೆ ಪೂರ್ತಿ ಸೋಲುತ್ತಿತ್ತು. ಹೇಗೋ ಬದುಕಿ ಉಳಿದ ಕೆಲವೇ ವೈರಸ್‌ಗಳ ಸಂತತಿ ಮಾತ್ರ ಆಮೇಲೆ ಆ ಹೊಸ ತಳಿಯಲ್ಲಿ ಆರಾಮಾಗಿ ಬೆಳೆಯುತ್ತಿತ್ತು.

ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್ ಮತ್ತು ಅವರ ಸಹೋದ್ಯೋಗಿ ಡೇಸಿ ಡುಸ್ವಾ 1960ರ ದಶಕದಲ್ಲಿ ಇದರ ಕಾರಣ ಹುಡುಕಿದರು. ಹೊಸ ತಳಿಯ ಬ್ಯಾಕ್ಟೀರಿಯಾ ಒಳಬಂದ ವೈರಸ್‌ನ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತಿತ್ತು. ಹಾಗಾದರೆ ಅದು ತನ್ನದೇ ಡಿಎನ್‌ಎಯನ್ನು ಯಾಕೆ ಕತ್ತರಿಸುವುದಿಲ್ಲ? ಕುರಿ ಸಾಕುವವರು ಮಂದೆಯಲ್ಲಿ ತಮ್ಮ ಕುರಿ ಗುರುತಿಸಲು ಮೈಮೇಲೆ ಬಣ್ಣ ಹಚ್ಚುವುದನ್ನು ನೀವು ನೋಡಿರಬಹುದು. ಬ್ಯಾಕ್ಟೀರಿಯಾ ಕೂಡ ತನ್ನ ಡಿಎನ್‌ಎಯ ಕೆಲವು ಅಕ್ಷರಗಳಿಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಅಂಟಿಸುತ್ತದೆ. ಗುರುತು ಇದ್ದರೆ ತನ್ನದು, ಇಲ್ಲದಿದ್ದರೆ ಪರರದ್ದು. ಈ ಕಾವಲು ಕಿಣ್ವಗಳಿಗೆ ರೆಸ್ಟ್ರಿಕ್ಷನ್ ಕಿಣ್ವಗಳು ಎಂಬ ಹೆಸರು ಬಂತು. ವೈರಸ್‌ನ ಬೆಳವಣಿಗೆಯನ್ನು ನಿರ್ಬಂಧಿಸುತ್ತವೆ ಎಂಬ ಅರ್ಥದಲ್ಲಿ.

1970ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಸ್ಮಿತ್ ಮತ್ತು ಸಂಗಡಿಗರು ಗೊತ್ತಾದ ಆರು ಅಕ್ಷರಗಳ ಜಾಗದಲ್ಲಷ್ಟೇ ಕತ್ತರಿಸುವ ಕಿಣ್ವವನ್ನು ಬೇರ್ಪಡಿಸಿದರು. ಮರುವರ್ಷ ಅಲ್ಲಿಯೇ ಡೇನಿಯಲ್ ನೇಥನ್ಸ್ ಮತ್ತು ಕ್ಯಾಥ್ಲೀನ್ ಡಾನಾ ಅಂಥ ಕಿಣ್ವದಿಂದ ಒಂದು ವೈರಸ್‌ನ ಡಿಎನ್‌ಎಯನ್ನು 11 ತುಂಡುಗಳಾಗಿ ಮಾಡಿ ತೋರಿಸಿದರು. ಆರ್ಬರ್, ಸ್ಮಿತ್ ಮತ್ತು ನೇಥನ್ಸ್ ಅವರಿಗೆ 1978ರ ನೊಬೆಲ್ ಬಹುಮಾನ ಸಿಕ್ಕಿತು.

ಹಿಂದೆ ಮುಂದೆ ಓದಿದರೂ ಒಂದೇ!

'ಕಿಟಕಿ', 'ವಿಕಟಕವಿ' ಪದಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಹಲವು ರೆಸ್ಟ್ರಿಕ್ಷನ್ ಕಿಣ್ವಗಳು ಹುಡುಕುವುದು ಇಂಥದ್ದೇ ಜಾಗಗಳನ್ನು, ಆದರೆ ಸ್ವಲ್ಪ ವ್ಯತ್ಯಾಸವಿದೆ. ಇ. ಕೋಲೈ ಬ್ಯಾಕ್ಟೀರಿಯಾದಿಂದ ಸಿಕ್ಕ ಇಕೋ-ಆರ್-ಒನ್ ಎಂಬ ಕಿಣ್ವದ ಜಾಗ ಜಿ-ಎ-ಎ-ಟಿ-ಟಿ-ಸಿ. ಇದರ ಎದುರಿನ ಎಳೆಯಲ್ಲಿ ಸಿ-ಟಿ-ಟಿ-ಎ-ಎ-ಜಿ ಇರುತ್ತದೆ. ಆ ಎಳೆಯನ್ನು ಅದರ ದಿಕ್ಕಿನಲ್ಲಿ, ಅಂದರೆ ಬಲದಿಂದ ಎಡಕ್ಕೆ ಓದಿ. ಮತ್ತೆ ಜಿ-ಎ-ಎ-ಟಿ-ಟಿ-ಸಿ ಬರುತ್ತದೆ. ಎರಡೂ ಎಳೆಗಳಲ್ಲಿ ಒಂದೇ ಸಂದೇಶ ಇರುವುದರಿಂದ ಕಿಣ್ವ ಎರಡನ್ನೂ ಒಂದೇ ರೀತಿ ಕತ್ತರಿಸುತ್ತದೆ.

ಈ ಕಿಣ್ವ ಜಿ ಮತ್ತು ಎ ನಡುವೆ ಓರೆಯಾಗಿ ಕತ್ತರಿಸುವುದರಿಂದ ತುದಿಯಲ್ಲಿ ಎ-ಎ-ಟಿ-ಟಿ ಎಂಬ ಒಂಟಿ ಎಳೆಯ ಬಾಲ ಉಳಿಯುತ್ತದೆ. ಅದೇ ಕಿಣ್ವದಿಂದ ಕತ್ತರಿಸಿದ ಬೇರೆ ಯಾವುದೇ ಜೀವಿಯ ಡಿಎನ್‌ಎಗೂ ಇಂಥದ್ದೇ ಬಾಲ ಇರುತ್ತದೆ. ಎರಡನ್ನೂ ಹತ್ತಿರ ತಂದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲೈಗೇಸ್ ಎಂಬ ಇನ್ನೊಂದು ಕಿಣ್ವ ಅವನ್ನು ಬೆಸೆಯುತ್ತದೆ. ಹೀಗೆ ಕತ್ತರಿಸಿ ಬೆಸೆಯುವ ವಿದ್ಯೆಯಿಂದಲೇ 1978ರಲ್ಲಿ ಮನುಷ್ಯರ ಇನ್ಸುಲಿನ್ ಅನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಲಾಯಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಮಧುಮೇಹಿಗಳು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು.

ಕತ್ತರಿಸಲಾಗದ ಜಾಗವೇ ರೋಗದ ಸುಳಿವು

ರೆಸ್ಟ್ರಿಕ್ಷನ್ ಕಿಣ್ವಗಳಿಗೆ ಒಂದು ಅಕ್ಷರ ಬದಲಾದರೂ ಜಾಗದ ಗುರುತು ಸಿಗುವುದಿಲ್ಲ. ಈ ಹಟವೇ ಒಂದು ರೋಗದ ಪತ್ತೆಗೆ ನೆರವಾಯಿತು.

ಸಿಕಲ್ ಸೆಲ್ ರಕ್ತಹೀನತೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾಗದ ನೋವು ಕೊಡುತ್ತವೆ, ಅಂಗಾಂಗಗಳಿಗೆ ಹಾನಿ ಮಾಡುತ್ತವೆ. ಇದಕ್ಕೆಲ್ಲ ಕಾರಣ ಹಿಮೋಗ್ಲೋಬಿನ್ ವಂಶವಾಹಿಯ ಒಂದೇ ಒಂದು ಅಕ್ಷರ. ಜಿ-ಎ-ಜಿ ಇರಬೇಕಾದಲ್ಲಿ ಜಿ-ಟಿ-ಜಿ ಇರುತ್ತದೆ.

ಎಂಎಸ್‌ಟಿ-2 ಎಂಬ ರೆಸ್ಟ್ರಿಕ್ಷನ್ ಕಿಣ್ವ ಸಾಮಾನ್ಯ ವಂಶವಾಹಿಯನ್ನು ಸರಿಯಾಗಿ ಇದೇ ಜಾಗದಲ್ಲಿ ಕತ್ತರಿಸುತ್ತದೆ. ಆಗ ಸುಮಾರು 1,150 ಮತ್ತು 200 ಅಕ್ಷರಗಳ ಎರಡು ತುಂಡು ಸಿಗುತ್ತವೆ. ಎ ಹೋಗಿ ಟಿ ಬಂದಿದ್ದರೆ ಕಿಣ್ವ ಕತ್ತರಿಸುವುದಿಲ್ಲ, 1,350 ಅಕ್ಷರಗಳ ಒಂದೇ ತುಂಡು ಉಳಿಯುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ದೋಷ ಬಂದಿರುವ 'ವಾಹಕ'ರಲ್ಲಿ ಮೂರೂ ಅಳತೆಯ ತುಂಡುಗಳು ಕಾಣುತ್ತವೆ. 1982ರಲ್ಲಿ ಈ ವಿಧಾನ ಬಂದಾಗ, ಗರ್ಭದಲ್ಲಿರುವ ಮಗುವಿಗೆ ರೋಗ ಇದೆಯೇ ಎಂದು ಡಿಎನ್‌ಎಯಿಂದಲೇ ನೇರವಾಗಿ ತಿಳಿಯುವುದು ಸಾಧ್ಯವಾಯಿತು. ವೈರಸ್ ವಿರುದ್ಧ ಬ್ಯಾಕ್ಟೀರಿಯಾ ಕಟ್ಟಿಕೊಂಡ ಕಾವಲು ಮನುಷ್ಯರ ಆನುವಂಶಿಕ ರೋಗ ಪತ್ತೆಗೆ ಬಂತು.

ವಿಳಾಸ ಹೇಳಿ ಕಳಿಸಬಹುದಾದ ಕತ್ತರಿ

ರೆಸ್ಟ್ರಿಕ್ಷನ್ ಕಿಣ್ವಗಳಿಗೆ ಒಂದು ಮಿತಿ ಇದೆ. ಆರು ಅಕ್ಷರಗಳ ಒಂದು ನಿರ್ದಿಷ್ಟ ಸಾಲು ಸರಾಸರಿ 4,096 ಅಕ್ಷರಗಳಿಗೊಮ್ಮೆ ಕಾಣಿಸಿಕೊಳ್ಳುತ್ತದೆ. ಸುಮಾರು 300 ಕೋಟಿ ಅಕ್ಷರಗಳಿರುವ ಮನುಷ್ಯನ ಡಿಎನ್‌ಎಯಲ್ಲಿ ಇಂಥ ಕಿಣ್ವ ಬಿಟ್ಟರೆ ಲೆಕ್ಕದ ಪ್ರಕಾರ ಏಳು ಲಕ್ಷ ಕಡೆ ಕತ್ತರಿ ಬೀಳುತ್ತದೆ. ಪರೀಕ್ಷಾ ನಳಿಕೆಯಲ್ಲಿ ಇದು ಸರಿ, ಬದುಕಿರುವ ಕೋಶದಲ್ಲಿ ಇದು ಅನಾಹುತ.

ಕ್ಯಾಸ್-9 ಬಂದು ಈ ಮಿತಿಯನ್ನು ದಾಟಿಸಿತು. ಇದೂ ಬ್ಯಾಕ್ಟೀರಿಯಾಗಳ ವೈರಸ್ ನಿರೋಧಕ ಕಿಣ್ವವೇ. ಹಿಂದೆ ದಾಳಿ ಮಾಡಿದ ವೈರಸ್‌ಗಳ ಡಿಎನ್‌ಎ ತುಣುಕುಗಳನ್ನು ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಡಿಎನ್‌ಎಯಲ್ಲೇ ಜೋಡಿಸಿಟ್ಟುಕೊಳ್ಳುತ್ತವೆ. ಈ ಭಾಗಕ್ಕೆ ಕ್ರಿಸ್ಪರ್ ಎಂದು ಹೆಸರು. ಇದು ವೈರಸ್ ತಡೆಯುವ ವ್ಯವಸ್ಥೆ ಎಂಬುದನ್ನು 2007ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಮೊಸರು, ಚೀಸ್ ತಯಾರಿಕೆಯಲ್ಲಿ ಬಳಸುವ ಬ್ಯಾಕ್ಟೀರಿಯಾದಲ್ಲಿ. 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂತಿಯೆ ಮತ್ತು ಜೆನಿಫರ್ ಡೌಡ್ನಾ, ಕ್ಯಾಸ್-9ಗೆ ನಮಗೆ ಬೇಕಾದ 20 ಅಕ್ಷರಗಳ ಆರ್‌ಎನ್‌ಎ 'ವಿಳಾಸ' ಕೊಟ್ಟು ಬೇಕಾದ ಜಾಗದಲ್ಲಿ ಕತ್ತರಿಸಬಹುದೆಂದು ತೋರಿಸಿದರು. 2020ರಲ್ಲಿ ಅವರಿಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಕ್ಯಾಸ್-9 ಮಾಡುವುದು ಕತ್ತರಿಸುವ ಕೆಲಸ ಮಾತ್ರ. ಜೋಡಿಸುವುದು ಕೋಶದ ಸ್ವಂತ ದುರಸ್ತಿ ವ್ಯವಸ್ಥೆ. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮುರಿದ ತುದಿಗಳನ್ನು ಅವಸರದಲ್ಲಿ ಅಂಟಿಸುವುದು. ಇದರಲ್ಲಿ ಕೆಲವು ಅಕ್ಷರಗಳು ಕಳೆದುಹೋಗಬಹುದು. ಇನ್ನೊಂದು, ಸರಿಯಾದ ಪ್ರತಿಯನ್ನು ನೋಡಿಕೊಂಡು ತಿದ್ದುವುದು. ವಿಜ್ಞಾನಿಗಳು ಯಾವ ದಾರಿ ಬಳಸುತ್ತಾರೆ ಎಂಬುದರ ಮೇಲೆ ಚಿಕಿತ್ಸೆಯ ಸ್ವರೂಪ ನಿಂತಿದೆ.

ಸಿಕಲ್ ಸೆಲ್‌ಗೆ ಚಿಕಿತ್ಸೆ: ಸಾಮಾನ್ಯ ತಪ್ಪು ತಿಳಿವಳಿಕೆಗಳು

2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಸಿಕಲ್ ಸೆಲ್ ರೋಗಕ್ಕೆ ಕ್ಯಾಸ್ಗೆವಿ ಎಂಬ ಕ್ರಿಸ್ಪರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಈ ಬಗೆಯ ಚಿಕಿತ್ಸೆಗಳಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಇದು. ಇದರ ಬಗ್ಗೆ ಮೂರು ವಿಷಯ ಗೊತ್ತಿರಬೇಕು.

ಒಂದು, ಇದು ತಪ್ಪಾದ ಅಕ್ಷರವನ್ನು ತಿದ್ದುವುದಿಲ್ಲ. ನಾವು ತಾಯಿಯ ಗರ್ಭದಲ್ಲಿದ್ದಾಗ ನಮ್ಮ ರಕ್ತದಲ್ಲಿ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್-11-ಎ ಎಂಬ ವಂಶವಾಹಿಯ ಪ್ರಭಾವದಿಂದ ಅದರ ತಯಾರಿ ಬಹುತೇಕ ನಿಲ್ಲುತ್ತದೆ. ರಕ್ತಕಣ ತಯಾರಾಗುವ ಕೋಶಗಳಲ್ಲಿ ಈ ವಂಶವಾಹಿಯನ್ನು ಚುರುಕುಗೊಳಿಸುವ ಒಂದು ಜಾಗವಿದೆ. ಕ್ಯಾಸ್-9 ಆ ಜಾಗವನ್ನು ಕತ್ತರಿಸುತ್ತದೆ. ಕೋಶ ಅವಸರದಲ್ಲಿ ಅಂಟಿಸುವಾಗ ಆ ಜಾಗ ಕೆಡುತ್ತದೆ, ನಿಂತಿದ್ದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಅವಸರದ ಜೋಡಣೆಯ ತಪ್ಪೇ ಇಲ್ಲಿ ಔಷಧವಾಗುತ್ತದೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಸತತವಾಗಿ ತೀವ್ರ ನೋವಿನ ಕಂತು ಬರಲಿಲ್ಲ.

ಎರಡು, ಇದು ಒಂದು ಚುಚ್ಚುಮದ್ದಿನಲ್ಲಿ ಮುಗಿಯುವುದಿಲ್ಲ. ರೋಗಿಯ ಸ್ಟೆಮ್ ಸೆಲ್‌ಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಕತ್ತರಿಸಿ ಪರೀಕ್ಷಿಸಬೇಕು. ಆಮೇಲೆ ಅಸ್ಥಿಮಜ್ಜೆಯಲ್ಲಿ ಉಳಿದ ಹಳೆಯ ಕೋಶಗಳನ್ನು ಬಲವಾದ ಕೀಮೋಥೆರಪಿಯಿಂದ ಖಾಲಿ ಮಾಡಿ ಹೊಸವನ್ನು ಹಾಕಬೇಕು. ಈ ಕೀಮೋಥೆರಪಿಯಿಂದ ಸೋಂಕಿನ ಭಯವಿದೆ, ಮಕ್ಕಳಾಗುವ ಸಾಮರ್ಥ್ಯಕ್ಕೂ ಧಕ್ಕೆಯಾಗಬಹುದು. ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್, ಅಂದರೆ ಆಗಿನ ದರದಲ್ಲಿ 18 ಕೋಟಿ ರೂಪಾಯಿಗೂ ಹೆಚ್ಚು. ಹಾಗಾಗಿ 'ಡಿಎನ್‌ಎ ಸರಿಪಡಿಸುವ ಕಿಣ್ವ'ದ ಪುಡಿ, ಮಾತ್ರೆ ಎಂಬ ಜಾಹೀರಾತು ಕಂಡರೆ ಹಣ ಕೊಡುವ ಮೊದಲು ಯೋಚಿಸಿ. ನುಂಗಿದ ಕಿಣ್ವ ಬೇಳೆಯ ಪ್ರೋಟೀನ್‌ನಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದು ಅಸ್ಥಿಮಜ್ಜೆಗೆ ಹೋಗಿ ವಂಶವಾಹಿ ತಿದ್ದುವುದಿಲ್ಲ.

ಮೂರು, ಚಿಕಿತ್ಸೆಯ ಪರಿಣಾಮ ಮಕ್ಕಳಿಗೆ ಹೋಗುವುದಿಲ್ಲ. ಬದಲಾಗುವುದು ರಕ್ತದ ಕೋಶಗಳು ಮಾತ್ರ. ಅಂಡಾಣು, ವೀರ್ಯಾಣುಗಳು ಮೊದಲಿನಂತೆಯೇ ಇರುತ್ತವೆ. ಇದರಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಮುಂದಿನ ಪೀಳಿಗೆಯ ಡಿಎನ್‌ಎಯನ್ನು ಯಾರೂ ಬದಲಿಸುತ್ತಿಲ್ಲ ಎಂಬುದು ಸಮಾಧಾನ. ಚಿಕಿತ್ಸೆಯಿಂದ ಪೂರ್ತಿ ಗುಣವಾದವರ ಸಂಗಾತಿ ವಾಹಕರಾಗಿದ್ದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 50 ಇರುತ್ತದೆ ಎಂಬುದು ಎಚ್ಚರಿಕೆ.

ಭ್ರೂಣದ ಡಿಎನ್‌ಎಯನ್ನೇ ಕತ್ತರಿಸುವುದು ಬೇರೆಯೇ ವಿಷಯ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಹಾಗೆ ಮಾಡಿ ಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದಾಗ ಜಗತ್ತಿನ ವಿಜ್ಞಾನಿಗಳು ಖಂಡಿಸಿದರು. ಅಲ್ಲಿನ ನ್ಯಾಯಾಲಯ ಅವರಿಗೆ ಮೂರು ವರ್ಷ ಜೈಲು ವಿಧಿಸಿತು. ಕ್ಯಾಸ್-9 ವಿಳಾಸವನ್ನು ಹೋಲುವ ಬೇರೆ ಜಾಗದಲ್ಲೂ ಕೆಲವೊಮ್ಮೆ ಕತ್ತರಿಸಬಹುದು. ಅಂಥ ತಪ್ಪು ಭ್ರೂಣದಲ್ಲಿ ಆದರೆ ಅದು ಮಗುವಿನ ಮೈಯ ತುಂಬಾ ಹರಡಬಹುದು, ಆ ಮಗುವಿನ ಮಕ್ಕಳಿಗೂ ಹೋಗಬಹುದು.

ನಮ್ಮಲ್ಲಿ ಈಗ ಏನು ಮಾಡಬಹುದು?

ಸಿಕಲ್ ಸೆಲ್ ನಮಗೆ ದೂರದ ರೋಗವಲ್ಲ. ಭಾರತದ ಹಲವು ಬುಡಕಟ್ಟು ಸಮುದಾಯಗಳಲ್ಲಿ, ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಭಾಗದ ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳಲ್ಲಿ ಇದು ಇದೆ. ಬೇರೆ ಸಮುದಾಯಗಳಲ್ಲಿಯೂ ಇರಬಹುದು. ಮಲೇರಿಯಾ ಹೆಚ್ಚಿದ್ದ ಪ್ರದೇಶಗಳಲ್ಲಿ ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತಿದ್ದುದರಿಂದ ಈ ವಂಶವಾಹಿ ಉಳಿದುಬಂದಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಶಾಪವೂ ಇಲ್ಲ.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇದೆ. ಅಭಿಯಾನಕ್ಕೆ ಆಯ್ಕೆಯಾದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಮಾಡುವ ರಕ್ತ ಪರೀಕ್ಷೆಗೆ ದುಬಾರಿ ಕಿಣ್ವಗಳು ಬೇಕಿಲ್ಲ, ಬಾಗುವ ಹಿಮೋಗ್ಲೋಬಿನ್ ಅನ್ನೇ ನೇರವಾಗಿ ಗುರುತಿಸಲಾಗುತ್ತದೆ. ವಾಹಕರಾಗಿದ್ದರೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣಿಸುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಅದಕ್ಕೇ ಮದುವೆಗೆ ಅಥವಾ ಮಗುವಿಗೆ ಮೊದಲೇ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ರೋಗ ಇರುವವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯಿಂದ ನೋವಿನ ಕಂತುಗಳು ಕಡಿಮೆಯಾಗುತ್ತವೆ. ಕ್ರಿಸ್ಪರ್ ಚಿಕಿತ್ಸೆಗೆ ಕಾಯುತ್ತಾ ಇದನ್ನು ಬಿಡಬಾರದು.

ಕ್ರಿಸ್ಪರ್ ಚಿಕಿತ್ಸೆ ನಮ್ಮವರ ಕೈಗೆಟುಕಬೇಕಾದರೆ ಅದು ಇಲ್ಲಿಯೇ ತಯಾರಾಗಬೇಕು. 2020ರಲ್ಲಿ ಕ್ಯಾಸ್-9 ಬಳಸಿ ಕೋವಿಡ್ ಪತ್ತೆಯ 'ಫೆಲೂದಾ' ಪರೀಕ್ಷೆ ರೂಪಿಸಿದ ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಸಿಕಲ್ ಸೆಲ್‌ಗೆ ಸ್ವದೇಶಿ ಚಿಕಿತ್ಸೆಯ ಮೇಲೂ ಕೆಲಸ ಮಾಡುತ್ತಿದ್ದಾರೆ.

ಕೊನೆಯ ಮಾತು

ಇನ್ನು ಮುಂದೆ 'ಡಿಎನ್‌ಎ ಕತ್ತರಿಸಿದರು' ಎಂಬ ಸುದ್ದಿ ಕಂಡಾಗ ಆರಂಭದ ಮೂರು ಪ್ರಶ್ನೆ ಕೇಳಿ. ಎಲ್ಲಿ ಕತ್ತರಿಸಿದರು? ರಕ್ತದ ಕೋಶದಲ್ಲೋ, ಭ್ರೂಣದಲ್ಲೋ? ಜೋಡಣೆ ಹೇಗಾಯಿತು, ಅದನ್ನು ಪರೀಕ್ಷಿಸಿದ್ದಾರೆಯೇ? ಉತ್ತರ ಸಿಕ್ಕರೆ ಸುದ್ದಿಯ ತೂಕ ತಿಳಿಯುತ್ತದೆ. ಉತ್ತರವೇ ಇಲ್ಲದ ಸುದ್ದಿಯನ್ನು, ಅದು ಹೆದರಿಸುವಂಥದ್ದಾಗಲಿ ಆಸೆ ಹುಟ್ಟಿಸುವಂಥದ್ದಾಗಲಿ, ಮುಂದಕ್ಕೆ ಕಳಿಸದೆ ಅಲ್ಲಿಗೇ ಬಿಡುವುದು ಲೇಸು.